ಎರಡು ಸಲ ಬಿದ್ದ ಸಕ್ಕರೆ

ಲವಾನ್ ಪ್ರಾಕ್ನೋ ವಿಸ್ಕಾನ್ಸಿನ್‌ನ ಸಣ್ಣ ಊರೊಂದರಲ್ಲಿ ಶಾಲಾ ಬಸ್ಸು ಓಡಿಸುವವಳು. ಹಿಮದಲ್ಲಿ ಬಸ್ಸು ಜಾರಿದರೂ ಬೆದರದ ಹೆಂಗಸು. ಆ ಗುರುವಾರ ನೆಲಮಾಳಿಗೆಯಲ್ಲಿ ಢಬ್ ಎಂದಾಗ ಮಾತ್ರ ಅವಳ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು.

ಶನಿವಾರ ಮಗಳು ಕಾರ್ಲಿಯ ಮದುವೆ. “ಅಂಗಡಿ ಬಿಯರ್ ಬೇಡಮ್ಮ, ನೀನು ಮಾಡಿದ್ದೇ ಬೇಕು” ಎಂದು ಮಗಳು ಹಟ ಹಿಡಿದಿದ್ದಳು. ಅದಕ್ಕೇ ಲವಾನ್ ಮೆಕ್ಕೆಜೋಳದ ಅವಲಕ್ಕಿ ಬೆರೆಸಿ, ಒಣಹುಲ್ಲಿನ ಬಣ್ಣದ, ಗಂಟಲಿಗೆ ಹಗುರಾದ ‘ಏಲ್’ ಎಂಬ ಬಗೆಯ ಬಿಯರ್ ಮಾಡಿ ಬಾಟಲಿಗೆ ತುಂಬಿಸಿದ್ದಳು.

ಇಳಿದು ನೋಡಿದರೆ ಗೋಡೆಗೆಲ್ಲ ನೊರೆ, ನೆಲಕ್ಕೆಲ್ಲ ಗಾಜು. ಉಳಿದ ಬಾಟಲಿಗಳು ಏನೂ ಆಗದವರ ಹಾಗೆ ನಿಂತಿದ್ದವು.

“ಡೆಲ್ಮರ್! ಇದನ್ನ ಮುಟ್ಟಿದ್ಯಾ ನೀನು?”

ಗಂಡ ಮೆಟ್ಟಿಲ ಮೇಲೆಯೇ ನಿಂತ. ಡಬ್ಬಿ ಬಿಯರ್ ಬಿಟ್ಟು ಬೇರೆ ಕುಡಿಯದವನು, ಹೆಂಡತಿಯ ಪಾತ್ರೆಗಳ ಹತ್ತಿರ ಸುಳಿಯದವನು.

“ಬಾಟಲಿ ತುಂಬೋ ದಿನ ಫೋನ್ ಬಂತು ಅಂತ ಮೇಲೆ ಹೋದ್ಯಲ್ಲ... ಸಕ್ಕರೆ ನೀರು ಹಾಕೋದು ನೀನು ಮರ್ತೆ ಅಂದ್ಕೊಂಡು ನಾನೇ ಹಾಕ್ದೆ.”

“ಅಯ್ಯೋ ಮಾರಾಯ, ನಾನು ಆಗ್ಲೇ ಹಾಕಿದ್ದೆ! ಇಷ್ಟು ವರ್ಷದಲ್ಲಿ ನೀನು ಒಂದೇ ಸಲ ಸಹಾಯ ಮಾಡ್ದೆ, ಅದೂ ಬಾಂಬ್ ಮಾಡಿಟ್ಟೆ.”

ಬಾಟಲಿಯೊಳಗಿನ ಹುದುಗಿಗೆ ಒಂದು ಪಾಲು ಸಕ್ಕರೆ ಸಿಕ್ಕರೆ ನೊರೆ ಬರುತ್ತದೆ. ಎರಡು ಪಾಲು ಸಿಕ್ಕರೆ ಗಾಜೇ ತಡೆಯದು. ಮದುವೆಯಲ್ಲಿ ಮೇಜಿನಡಿ ನುಸುಳುವ ಮಕ್ಕಳು ಲವಾನ್‌ಗೆ ನೆನಪಾದರು. ನೆಲಮಾಳಿಗೆಯ ಹೊರಬಾಗಿಲು ತೆರೆದು ಹೊರಗಿನ ಚಳಿಯನ್ನೆಲ್ಲ ಒಳಗೆ ಬಿಟ್ಟಳು. ತಣ್ಣಗಾದರೆ ಒತ್ತಡ ಇಳಿಯುತ್ತದೆ. ಅಲ್ಲಿಯವರೆಗೆ ಯಾರೂ ಕೆಳಗಿಳಿಯಕೂಡದು.

ಬೆಳಿಗ್ಗೆ, ಬಾಟಲಿಗಳಲ್ಲಿದ್ದ ಬಿಯರನ್ನೆಲ್ಲ ಸುರಿದಿಡಲು, ಒತ್ತಡಕ್ಕೆ ಒಡೆಯದ ಉಕ್ಕಿನ ಪೀಪಾಯಿಯನ್ನು ಪಕ್ಕದ ಮನೆಯಿಂದ ತಂದಳು.

“ಓಪನರ್ ಕೊಡು. ಸಕ್ಕರೆ ಹಾಕಿದೋನು ನಾನು” ಎಂದ ಡೆಲ್ಮರ್.

“ಮೊದ್ಲು ನಿನ್ನ ಐಸ್ ಹಾಕಿ ಆಟದ ಮುಖವಾಡ ಹಾಕ್ಕೋ. ಮಗಳ ಮದುವೆ ಫೋಟೋದಲ್ಲಿ ಎರಡು ಕಣ್ಣೂ ಇರ್ಲಿ.”

ದಪ್ಪ ಕೈಗವಸು, ಬಾಟಲಿಗೆ ಸುತ್ತಿದ ಟವೆಲು. ಮುಚ್ಚಳ ಕೂದಲೆಳೆಯಷ್ಟು ಎತ್ತಿದೊಡನೆ ಬುಸ್ಸೆಂದು ಉಸಿರು ಬಿಡುತ್ತಿತ್ತು. ನೊರೆ ತಗ್ಗಿದ ಮೇಲೆ ಲವಾನ್ ಪೀಪಾಯಿಗೆ ಸುರಿಯುತ್ತಿದ್ದಳು. ನಡುವೆ ಒಂದು ಬಾಟಲಿ ಅವನ ಕೈಯಲ್ಲೇ ಸಿಡಿಯಿತು. ಚೂರುಗಳು ಟವೆಲಿನೊಳಗೇ ಉಳಿದವು. ಅವನು ಕದಲಲಿಲ್ಲ. ಅವಳು ಮಾತ್ರ ಅವನಿಗೆ ಕೊಡಲು ಎತ್ತಿದ್ದ ಮುಂದಿನ ಬಾಟಲಿಯನ್ನು ಕೆಳಗಿಟ್ಟಳು.

“ಸಾಕು ಕಣೋ. ಉಳಿದದ್ದು ಹಾಗೇ ಎಸೆದುಬಿಡೋಣ.”

“ಕಾರ್ಲಿ ಕೇಳಿದ್ದು ಇದೊಂದೇ. ಇನ್ನೊಂದು ಕೊಡು.”

ಅವಳು ಕೊಟ್ಟಳು.

“ಹೀಗೆ ಗಾಳಿಗೆ ಬಿಟ್ಟು ಸುರಿದ್ರೆ ರುಚಿ ಕೆಡುತ್ತೆ ಅಂತಿದ್ಯಲ್ಲ ಯಾವಾಗ್ಲೂ?” ಎಂದು ಡೆಲ್ಮರ್ ಕೇಳಿದ.

“ಕೆಡುತ್ತೆ. ಆದ್ರೆ ಕೆಡೋಕೆ ಕೆಲವು ದಿನ ಬೇಕು. ಮದುವೆಗೆ ನಿಮ್ಮಣ್ಣಂದಿರು ಬರ್ತಾರಲ್ಲ, ಅಷ್ಟು ದಿನ ಉಳಿಯೋಕೆ ಬಿಟ್ರೆ ತಾನೆ!”

ಕೊನೆಯ ಬಾಟಲಿಯೂ ಖಾಲಿಯಾದಾಗ ಡೆಲ್ಮರ್ ಮೆಟ್ಟಿಲ ಮೇಲೆ ಕುಸಿದು ಕೂತ. ಲವಾನ್ ಅವನ ಮುಖವಾಡ ಎತ್ತಿ, ಎರಡು ಕೆನ್ನೆಗಳನ್ನೂ ಸವರಿ ನೋಡಿದಳು. ಒಂದು ಗೀರೂ ಇರಲಿಲ್ಲ.

“ಏಳು,” ಎಂದಳು, “ಗಾಜು ಗುಡಿಸು. ಕಾರ್ಲಿ ಬರೋ ಹೊತ್ತಾಯ್ತು.”