ಒಬಡಾಯ ಕ್ಯಾಂಬೆಲ್ ಅಂದರೆ ಯಾರು?

ನಮ್ಮ ಸೇಂಟ್ ಬರ್ನಬಾಸ್ ಎಪಿಸ್ಕೋಪಲ್ ಚರ್ಚಿಗೆ ಪಾದ್ರಿಗಳು ಬರುತ್ತಾರೆ, ಹೋಗುತ್ತಾರೆ. ಲಿಮೋನ್ ಕರಾವಳಿಯ ಸೆಕೆ ತಡೆದುಕೊಳ್ಳೋದು ಎಲ್ಲರ ಕೈಲಾಗೋ ಕೆಲಸ ಅಲ್ಲ. ಆದರೆ ಭಾನುವಾರ ಎದ್ದು ನಿಂತು ಪ್ರಕಟಣೆ ಓದೋಳು ಮೂವತ್ತೊಂದು ವರ್ಷದಿಂದ ಒಬ್ಬಳೇ, ಮಿಸ್ ಜಿಲ್ಫಾ ಬಾರ್ಕ್ಲಿ. ಸುಗ್ಗಿ ಹಬ್ಬಕ್ಕೆ ಯಾರು ದೀವಿಹಲಸು ತರಬೇಕು, ಯಾರು ಗೆಣಸು ತರಬೇಕು, ತಾಯಂದಿರ ಸಂಘದ ಟೀ ಯಾವತ್ತು, ಬಿಷಪ್ಪರು ಬರೋವಾಗ ಸುಣ್ಣ ಬಳಿಯೋರು ಯಾರು, ಎಲ್ಲಾ ಅವಳ ಬಾಯಿಂದಲೇ ಬರಬೇಕು. ಪಾದ್ರಿ ಹೇಳಿದರೆ ಯಾರೂ ನಂಬುತ್ತಿರಲಿಲ್ಲ.

ಅವಳಿಗೆ ಅರವತ್ತೊಂಬತ್ತು. ಮದುವೆಯಾಗಲಿಲ್ಲ. ಚರ್ಚಿನ ಹಿಂದಿದ್ದ ಇಂಗ್ಲಿಷ್ ಸ್ಕೂಲಿನಲ್ಲಿ ಅರ್ಧ ಊರಿಗೆ ಅಕ್ಷರ ಕಲಿಸಿದವಳು. ಅವಳ ರೂಲುದೊಣ್ಣೆಯ ಏಟು ನನ್ನ ಗೆಣ್ಣಿಗೂ ಗೊತ್ತು. ಆಗಿನ ಕಾಲದಲ್ಲಿ ಹೆಂಗಸು ಹೋಗಿ ಪ್ರಕಟಣೆ ಓದೋ ಸ್ಟ್ಯಾಂಡಿನ ಮುಂದೆ ನಿಲ್ಲೋದಾ ಅಂತ ಗಂಡಸರು ಗೊಣಗಿದ್ದರಂತೆ. ಅವಳು ಒಂದೇ ಒಂದು ಭಾನುವಾರ ಓದಿದಳು ನೋಡಿ, ಕೊನೆಯ ಬೆಂಚಿನಲ್ಲಿ ತೂಕಡಿಸುತ್ತಿದ್ದವರೂ ನೆಟ್ಟಗೆ ಕೂತರು. ಅಲ್ಲಿಂದ ಆಚೆಗೆ ಆ ಸ್ಟ್ಯಾಂಡು ಅವಳದೇ ಆಯಿತು.

ಈಗ ನಾನು ಹೇಳೋದು ಎರಡು ವರ್ಷ ಗುಟ್ಟಾಗಿದ್ದ ವಿಷಯ. ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ. ಪೊರೆ ಬಂದು ಎರಡೂ ಕಣ್ಣು ಮಂಜಾಗಿಹೋಗಿದ್ದವು. ಗೊತ್ತಿದ್ದದ್ದು ಪಕ್ಕದ ಮನೆಯವಳಾದ ನನಗೊಬ್ಬಳಿಗೇ. ಶನಿವಾರ ಮಧ್ಯಾಹ್ನ ನಾನು ಹೋಗಿ ಪಾದ್ರಿ ಬರೆದುಕೊಟ್ಟ ಪ್ರಕಟಣೆಯ ಕಾಗದವನ್ನು ಎರಡು ಸಲ ಓದೋದು, ಅವಳು ಬಾಯಿಪಾಠ ಮಾಡೋದು. ಭಾನುವಾರ ಕಾಗದ ಎತ್ತಿ ಹಿಡಿದು ಗಡಗಡ ಒಪ್ಪಿಸಿಬಿಡೋಳು.

“ಆಸ್ಪತ್ರೆಗೆ ಹೋಗೇ ಮಾರಾಯ್ತಿ, ಈಗೆಲ್ಲಾ ಅರ್ಧ ಗಂಟೆ ಕೆಲಸ ಅಂತಾರೆ,” ಅಂದರೆ, “ವರ್ಲಿನ್, ನಮ್ಮಮ್ಮನೂ ಅರ್ಧ ಗಂಟೆ ಅಂತಾನೇ ಹೋದಳು. ಆಮೇಲೆ ಹನ್ನೊಂದು ವರ್ಷ ಗೋಡೆ ತಡವಿಕೊಂಡು ಓಡಾಡಿದಳು. ಬಾಯಿ ಮುಚ್ಚು,” ಅನ್ನೋಳು.

ಆ ನವೆಂಬರಿನ ಮೊದಲ ಭಾನುವಾರ ಸತ್ತವರನ್ನು ನೆನೆಯುವ ದಿನ. ಯಾವಾಗಲೂ ಕಾಗದದಲ್ಲಿ ಪ್ರಾರ್ಥನೆಗೆ ಅಂತ ಮೊದಲು ಕಾಯಿಲೆಯವರ ಹೆಸರು, ಆಮೇಲೆ ತೀರಿಹೋದವರದು. ರಾಜಧಾನಿ ಸಾನ್ ಹೊಸೆಯಿಂದ ಹೊಸದಾಗಿ ಬಂದಿದ್ದ ಪಾದ್ರಿ ಸಲಾಸ್ ಆ ವಾರ ತಿರುಗುಮುರುಗು ಮಾಡಿದ್ದರು. ಸತ್ತವರ ಹದಿನೆಂಟು ಹೆಸರು ಮುಂದೆ, ಕಾಯಿಲೆಯವರದು ಹಾಳೆಯ ಹಿಂದುಗಡೆ. ಅದೂ ಎಲ್ಲರ ಹೆಸರೂ ದೀಕ್ಷಾಸ್ನಾನದ ಪುಸ್ತಕದಲ್ಲಿರುವ ಹಾಗೆ, ಉದ್ದುದ್ದ. ನಮ್ಮಲ್ಲಿ ಆ ಹೆಸರು ಯಾರಿಗೆ ಗೊತ್ತಿರುತ್ತೆ ಹೇಳಿ? ತೊಟ್ಟಿಲಲ್ಲಿ ಇಟ್ಟ ಅಡ್ಡಹೆಸರೇ ಹೆಣದ ಪೆಟ್ಟಿಗೆಯವರೆಗೂ.

ನಾನೋ, ಒಲೆಯಲ್ಲಿ ಬ್ರೆಡ್ ಇಟ್ಟು ಬಂದಿದ್ದೆ. ಹದಿನೆಂಟು ಹೆಸರು ಓದಿದೆ.

“ಈ ವಾರ ಕಾಯಿಲೆಯವರು ಯಾರೂ ಇಲ್ವೇನೇ?” ಅಂತ ಜಿಲ್ಫಾ ಕೇಳಿದಳು.

“ಮೇಲುಗಡೆ ಏನೂ ಬರೆದಿಲ್ಲಪ್ಪ,” ಅಂದೆ. ಹಾಳೆ ತಿರುಗಿಸಿದರೆ ಇನ್ನೊಂದು ಹೆಸರಿತ್ತು. ತಲೆಬರಹ ನೋಡಲಿಲ್ಲ. “ಕೊನೇಲಿ ಒಬಡಾಯ ನಥಾನಿಯೆಲ್ ಕ್ಯಾಂಬೆಲ್. ಅಷ್ಟೇ. ನನ್ನ ಬ್ರೆಡ್ ಸೀದುಹೋಗುತ್ತೆ, ಬರ್ತೀನಿ,” ಅಂತ ಓಡಿದೆ.

ಭಾನುವಾರ ಅವಳು ಹತ್ತೊಂಬತ್ತು ಹೆಸರನ್ನೂ ಗಂಭೀರವಾಗಿ ಓದಿದಳು. ಒಬಡಾಯ ನಥಾನಿಯೆಲ್ ಕ್ಯಾಂಬೆಲ್ ಅಂತ ಮುಗಿಸಿದ ಕೂಡಲೇ ನಾವೆಲ್ಲಾ ಸತ್ತವರಿಗೆ ಹೇಳುವ ರೂಢಿಯಂತೆ ಒಂದೇ ದನಿಯಲ್ಲಿ, “ನಿತ್ಯ ಬೆಳಕು ಅವರ ಮೇಲೆ ಬೆಳಗಲಿ,” ಅಂದುಬಿಟ್ಟೆವು.

ಮೂರನೇ ಬೆಂಚಿನಲ್ಲಿ ಡುಕ್ನು ಎದ್ದು ನಿಂತ. ಡುಕ್ನು ಅಂದರೆ ಬಾಳೆಲೆಯಲ್ಲಿ ಬೇಯಿಸೋ ಜೋಳದ ಸಿಹಿ ಕಡುಬು. ಆರು ವರ್ಷದವನಿದ್ದಾಗ ಚರ್ಚಿನ ಮೇಜಿನಿಂದ ಏಳು ಕದ್ದು ತಿಂದವನು, ಎಪ್ಪತ್ತೊಂದಕ್ಕೂ ಅದೇ ಹೆಸರು. ಸುಗ್ಗಿ ಹಬ್ಬದ ಹರಾಜು ಕೂಗೋನು ಅವನೇ, ಗಂಟಲು ಅಂದರೆ ಗಂಟಲು. ಆದರೆ ಆವತ್ತು ಹೊರಟಿದ್ದು ಪಿಸುಮಾತು.

“ಅದು ನಾನು,” ಅಂದ. “ಒಬಡಾಯ ಅಂದ್ರೆ ನಾನೇ.”

ಯಾರೋ ಕಿಸಕ್ಕೆಂದರು, ಆಮೇಲೆ ಯಾರೂ ನಗಲಿಲ್ಲ. ಯಾಕೆಂದರೆ ಅವನ ಪಿತ್ತಕೋಶದ ಆಪರೇಷನ್ ಆ ಗುರುವಾರವೇ ಇತ್ತು. ಎಂಟು ತಿಂಗಳು ಕಾದು ಸಿಕ್ಕಿದ ದಿನ. ಇನ್ನೊಂದು ಸಲ ಕಲ್ಲು ಅಡ್ಡ ಬಂದರೆ ಉಳಿಯಲ್ಲ ಅಂತ ಡಾಕ್ಟರು ಹೇಳಿಯಾಗಿತ್ತು. ಜಿಲ್ಫಾ ಸ್ಟ್ಯಾಂಡು ಹಿಡಿದುಕೊಂಡು ಹಾಗೇ ನಿಂತಳು.

ಸೋಮವಾರ ಡುಕ್ನು ಮನೆಗೆ ಹೋದೆ. ಹಗಲಲ್ಲೇ ಕಿಟಕಿ ಬಾಗಿಲು ಹಾಕಿಕೊಂಡು ಕೂತಿದ್ದ. ಮುಖ ಅರಿಶಿನ ಬಳಿದ ಹಾಗಿತ್ತು. ನಾನು ತಂದ ಸೂಪು ಮುಟ್ಟಲಿಲ್ಲ.

“ನಾನು ಹೋಗಲ್ಲ ವರ್ಲಿನ್. ಆ ಮೇಜಿನ ಮೇಲೆ ಮಲಗಿದ್ರೆ ಏಳಲ್ಲ.”

“ಹುಚ್ಚು ಹಿಡಿದಿದೆಯೇನೋ? ಹೋಗದೇ ಇದ್ರೆ ಖಂಡಿತಾ ಸಾಯ್ತೀಯ! ಅವಳೇನೋ ತಪ್ಪು ಓದಿದಳು.”

“ಒಬ್ಬಳು ತಪ್ಪು ಓದಿದ್ರೆ ತಪ್ಪು ಅನ್ನಬಹುದು. ನೀವೆಲ್ಲಾ ಸೇರಿ ಹೂಂ ಅಂದ್ರಲ್ಲ! ಅರವತ್ತು ಜನ! ಬೆಳಕು ಬೆಳಗಲಿ ಅಂತ ಬೀಳ್ಕೊಟ್ಟೇಬಿಟ್ರಲ್ಲ! ಪಾದ್ರಿ ಬಂದು ಮೂಢನಂಬಿಕೆ ಅಂದ್ರು. ಅವರಿಗೇನು, ಅವರ ಹೆಸರು ಕರೆದಿಲ್ಲ. ಕರೆದವಳು ಯಾರೋ ಅವಳೇ ವಾಪಸ್ ಕರೀಲಿ. ಅದೇ ಜಾಗದಲ್ಲಿ ನಿಂತು, ಎಲ್ಲರ ಮುಂದೆ.”

ಇದನ್ನು ಜಿಲ್ಫಾಗೆ ಹೇಳಿದೆ. ಅವಳು ಭಾನುವಾರದಿಂದ ಮಂಚ ಬಿಟ್ಟು ಎದ್ದಿರಲಿಲ್ಲ.

“ನಾನು ಕೊಂದೆ ಕಣೇ ಅವನನ್ನ,” ಅಂದಳು.

“ನೀನಲ್ಲ, ನಾನು. ಬ್ರೆಡ್ಡಿನ ಚಿಂತೇಲಿ ತಲೆಬರಹ ಓದದೇ ಇದ್ದೋಳು ನಾನು. ಬುಧವಾರದ ಪ್ರಾರ್ಥನೆಗೆ ಬಾ, ಪಾದ್ರಿ ಒಪ್ಪಿದ್ದಾರೆ. ಅವನದೊಂದೇ ಹೆಸರು ಓದಿದ್ರೆ ಸಾಕು.”

“ಮತ್ತೆ ನಾಲಿಗೆ ತಪ್ಪಿದ್ರೆ? ಕಾಗದದಲ್ಲಿ ಏನಿದೆ ಅಂತ ನನಗೇನು ಕಾಣುತ್ತೆ? ಕಣ್ಣಿನ ಸುದ್ದಿ ಎತ್ತಿದ್ರೆ ಆ ಸ್ಟ್ಯಾಂಡಿನಿಂದ ಇಳಿಸ್ತಾರೆ, ಇಳಿಸಿ ಆಸ್ಪತ್ರೆಗೆ ಎಳ್ಕೊಂಡು ಹೋಗ್ತಾರೆ. ನನ್ನ ಕೈಲಾಗಲ್ಲ ವರ್ಲಿನ್. ದೇವರಾಣೆ, ಭಯ ಆಗುತ್ತೆ.” ನನಗೆ ಅಕ್ಷರ ಕಲಿಸಿದ ಹೆಂಗಸು ನನ್ನ ಏಪ್ರನ್ನಿನ ತುದಿ ಹಿಡಿದುಕೊಂಡು ಅತ್ತಳು. ನಾನೂ ಅತ್ತೆ.

ಬುಧವಾರ ಸಂಜೆ ನಾಲ್ಕರ ಪ್ರಾರ್ಥನೆಗೆ ಮಾಮೂಲಾಗಿ ಆರು ಜನ. ಆವತ್ತು ಕೂರಲು ಜಾಗವಿಲ್ಲ. ಡುಕ್ನು ಬಾಗಿಲ ಬಳಿಯೇ ನಿಂತಿದ್ದ, ಓಡಿಹೋಗಲು ಸಿದ್ಧನಾದವನ ಹಾಗೆ. ಜಿಲ್ಫಾ ಬರುವುದಿಲ್ಲ ಅಂತಲೇ ನಾನು ಅಂದುಕೊಂಡಿದ್ದೆ. ಬಂದಳು. ಬೆಂಚುಗಳ ತುದಿ ಮುಟ್ಟಿ ಎಣಿಸುತ್ತಾ ಸ್ಟ್ಯಾಂಡಿನ ತನಕ ನಡೆದಳು. ಪಾದ್ರಿ ಕಾಗದ ಕೊಟ್ಟರೆ ತೆಗೆದುಕೊಳ್ಳಲಿಲ್ಲ.

“ಕಾಯಿಲೆಯವರಿಗಾಗಿ ಬೇಡೋಣ,” ಅಂದಳು. “ಒಬಡಾಯ ನಥಾನಿಯೆಲ್ ಕ್ಯಾಂಬೆಲ್. ನಮ್ಮ ಡುಕ್ನು. ಜೀವಂತ ಇದ್ದಾನೆ.”

ಯಾರೂ ಉತ್ತರ ಕೊಡಲಿಲ್ಲ. ಹೇಗೆ ಕೊಡುತ್ತಾರೆ? ಬಾಯಿಗೆ ಬಂದದ್ದು ಅಂದುಬಿಡಲು ಈಗ ಎಲ್ಲರಿಗೂ ಹೆದರಿಕೆ. ಆಗ ಅವಳು ಇನ್ನೊಂದು ಹೆಸರು ಹೇಳಿದಳು.

“ಜಿಲ್ಫಾ ಬಾರ್ಕ್ಲಿ. ಎರಡು ವರ್ಷದಿಂದ ಕಣ್ಣು ಕಾಣಿಸ್ತಾ ಇಲ್ಲ. ನಿಮಗೆಲ್ಲಾ ಸುಳ್ಳು ಹೇಳ್ಕೊಂಡು ಇಲ್ಲಿ ನಿಂತಿದ್ದಾಳೆ.”

ಬಾಗಿಲ ಬಳಿಯಿಂದ ಹರಾಜಿನ ಗಂಟಲು ಮೊಳಗಿತು: “ಕರ್ತನೇ, ನಮ್ಮ ಮೊರೆ ಕೇಳು!” ಆಮೇಲೆ ನಾವೆಲ್ಲಾ ಅಂದೆವು, ಒಬ್ಬೊಬ್ಬರೂ ಯೋಚನೆ ಮಾಡಿ.

ಹೊರಗೆ ಬಂದಾಗ ಡುಕ್ನು ಅವಳ ತೋಳು ಹಿಡಿದ. “ಬೆಳಿಗ್ಗೆ ಆರರ ಬಸ್ಸು. ನೀನೂ ಬರ್ತೀಯ. ಕಣ್ಣಿನ ಡಾಕ್ಟರೂ ಅದೇ ಆಸ್ಪತ್ರೇಲಿ ಇದಾರೆ.”

“ನನಗೆ ಚಾಕು ಅಂದ್ರೆ ಆಗಲ್ಲ ಮಿಸ್ಟರ್ ಡುಕ್ನು.”

“ನನಗೇನು, ಮದುವೆ ದಿಬ್ಬಣಕ್ಕೆ ಹೋಗ್ತಾ ಇದೀನಾ? ನೀನು ಬಂದ್ರೆ ನಾನು ಬಸ್ಸು ಹತ್ತುತ್ತೀನಿ. ಇಲ್ಲದಿದ್ರೆ ಇಲ್ಲ.”

ಹತ್ತಿದರು. ಇಬ್ಬರನ್ನೂ ನಂಬಲಾಗದೆ ನಾನೂ ಹತ್ತಿದೆ. ಕಣ್ಣಿನ ಡಾಕ್ಟರು ಜಿಲ್ಫಾಳನ್ನು ನೋಡಿ ಎರಡು ವಾರ ಬಿಟ್ಟು ಬನ್ನಿ, ಕೊಯ್ಯೋಣ ಅಂದರು. ಅವಳು ಸರಿ ಅಂದಳು, ಅಂದು ಹೊರಗೆ ಬಂದು ವಾಂತಿ ಮಾಡಿಕೊಂಡಳು. ಡುಕ್ನುವನ್ನು ಒಳಗೆ ಕರೆದುಕೊಂಡು ಹೋದ ಮೇಲೆ ನಾವಿಬ್ಬರೂ ಆಪರೇಷನ್ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತೆವು. ಒಂದು ಗಂಟೆ ಸಾಕು ಅಂದಿದ್ದರು, ಮೂರು ಗಂಟೆ ಹಿಡಿಯಿತು. ಅವಳ ಉಗುರು ನನ್ನ ಅಂಗೈಗೆ ನಾಟಿತ್ತು.

ಬಾಗಿಲು ತೆರೆದು ನರ್ಸು ಕೂಗಿದಳು. “ಒಬಡಾಯ ನಥಾನಿಯೆಲ್ ಕ್ಯಾಂಬೆಲ್!”

ನಾವು ಏಳಲಿಲ್ಲ. ಹಾಗೆ ಪೂರ್ತಿ ಹೆಸರು ಹಿಡಿದು ಕೂಗುವುದು ಸತ್ತವರಿಗೇ ಅಂತ ಇಬ್ಬರ ತಲೆಯಲ್ಲೂ ಕೂತುಬಿಟ್ಟಿತ್ತು. ನರ್ಸು ರೇಗಿ, “ಅವರ ಕಡೆಯವರು ಯಾರೂ ಇಲ್ವಾ? ಎಚ್ಚರ ಆಗಿದೆ, ಯಾರನ್ನೋ ಕೇಳ್ತಾ ಇದ್ದಾರೆ,” ಅಂದಳು.

ಒಳಗೆ ಹೋದೆವು. ಜಿಲ್ಫಾಗೆ ಮಂಚವೂ ಮಸುಕು, ಮನುಷ್ಯನೂ ಮಸುಕು. ತಡವಿಕೊಂಡು ಹೋಗಿ ಅವನ ಮೂಗಿನ ಕೆಳಗೆ ಬೆರಳಿಟ್ಟಳು. ಉಸಿರು ತಗಲಿತು. ಬೆರಳು ತೆಗೆಯದೆ ಹಾಗೇ ನಿಂತಳು.

“ಯಾರು, ಜಿಲ್ಫಾನಾ?” ಅಂದ ಅವನು, ಕಣ್ಣು ಬಿಡಲು ಹೆದರುತ್ತಾ. “ನಾನು ಯಾವ ಪಟ್ಟೀಲಿದ್ದೀನಿ, ಹೇಳಮ್ಮ.”

“ನನ್ನ ಜೊತೇಲಿ,” ಅಂದಳು ಅವಳು.