ಎರಡನೇ ಮಂಚದವಳ ನಾಲ್ಕು ಅಕ್ಷರ

ಕೊರಿಯಾದ ಬೂಸಾನ್ ನಗರದ ಯೊಂಗ್ದೊದಲ್ಲಿರುವ ಆ ಸ್ನಾನದ ಮನೆಯ ಹೆಂಗಸರ ಕಡೆ ಬಂದವರನ್ನು ಮಲಗಿಸಿ ಮೈ ಉಜ್ಜಲು ಎರಡು ಮಂಚಗಳಿವೆ, ಉಜ್ಜುವವರು ಇಬ್ಬರು. ಬಾಗಿಲ ಹತ್ತಿರದ್ದು ಗುಮ್ಜಾಳದು, ಒಳಗಿನದು ಚುನೋಕ್‌ಳದು. ಪ್ರತಿ ಮಂಚದ ಮೇಲೂ ಗೋಡೆಯಲ್ಲಿ ಎಂಟು ಕೊಕ್ಕೆ. ಬಂದವರು ತಮ್ಮ ಬಟ್ಟೆಪೆಟ್ಟಿಗೆಯ ಬೀಗದ ಕೈಯನ್ನು ಮಣಿಕಟ್ಟಿನಿಂದ ಕಳಚಿ ತಮಗೆ ಬೇಕಾದವಳ ಕೊಕ್ಕೆಗೆ ನೇತುಹಾಕಿ ಬಿಸಿನೀರಿನ ತೊಟ್ಟಿಗೆ ಇಳಿಯುತ್ತಾರೆ. ಸರದಿಯೆಂದರೆ ಅಷ್ಟೇ. ಗುಮ್ಜಾಳ ಕೊಕ್ಕೆಗಳು ಬೆಳಗಿನಲ್ಲೇ ತುಂಬುತ್ತಿದ್ದವು. ಚುನೋಕ್‌ಳಿಗೆ ಎರಡು ಬೀಗದ ಕೈ ಬಂದರೆ ಅದೇ ಹೆಚ್ಚು.

ಚುನೋಕ್‌ಗೆ ಐವತ್ತಾರು ವರ್ಷ. ಹರೆಯದಲ್ಲಿ ಬೂಟಿನ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದವಳು. ಆ ಗದ್ದಲದಲ್ಲಿ ಯಾರೂ ಯಾರನ್ನೂ ಮಾತಾಡಿಸುವಂತಿರಲಿಲ್ಲ. ಅವಳಿಗೆ ಅದೇ ಹಿತವಾಗಿತ್ತು. ಕಾರ್ಖಾನೆ ಮುಚ್ಚಿದ ಮೇಲೆ ಏನೇನೋ ಕೆಲಸ ಮಾಡಿ, ಕೊನೆಗೆ ತನ್ನ ತಾಯಿಯ ಬೆನ್ನಿನ ಮೇಲೆ ಅಭ್ಯಾಸ ಮಾಡಿ ಈ ಕೆಲಸ ಕಲಿತಳು. ಹಸಿರು ಒರಟು ಗವಸು ತೊಟ್ಟರೆ ಅವಳ ಕೈ ತಾನಾಗಿ ನಡೆಯುತ್ತಿತ್ತು. ಗಿರಾಕಿ ಮಗ್ಗುಲಾಗಬೇಕಾದಾಗ ಅವಳು ಬಾಯಿ ಬಿಡುತ್ತಿರಲಿಲ್ಲ, ಭುಜದ ಮೇಲೆ ಎರಡು ಸಲ ಮೆತ್ತಗೆ ತಟ್ಟುತ್ತಿದ್ದಳು.

ಬೇಸಿಗೆಯ ಕೊನೆಗೆ ಯಜಮಾನಿಗೆ ಮಂಡಿನೋವು ಜಾಸ್ತಿಯಾಗಿ, ಮಗಳು ಹಾರಿಮ್ ಸ್ನಾನದ ಮನೆಯನ್ನು ನೋಡಿಕೊಳ್ಳತೊಡಗಿದಳು. ಮೊದಲ ವಾರವೇ ಉಜ್ಜುವವರಿಬ್ಬರನ್ನೂ ಬಟ್ಟೆ ಬದಲಿಸುವ ಕೋಣೆಯಲ್ಲಿ ಕೂರಿಸಿ, ಫೋನು ಕೈಗೆ ಕೊಟ್ಟಳು.

"ಚಿಕ್ಕಮ್ಮಂದಿರಾ, ಇಬ್ರೂ ಈ ಪರೀಕ್ಷೆ ತಗೊಳ್ಳಿ. ಸ್ವಭಾವ ಎಂಥದ್ದು ಅಂತ ನಾಲ್ಕು ಅಕ್ಷರದಲ್ಲಿ ಹೇಳುತ್ತೆ. ಅದನ್ನ ಬೋರ್ಡ್ ಮಾಡಿ ಮಂಚದ ಮೇಲೆ ಹಾಕ್ತೀನಿ. ನೋಡ್ಕೊಂಡು ಆರಿಸ್ಕೊಳ್ಳಲಿ ಬಂದೋರು."

"ನಮ್ಮ ಕಾಲದಲ್ಲಿ ರಕ್ತದ ಗುಂಪು ಕೇಳ್ತಿದ್ರು ಕಣೇ," ಅಂದಳು ಗುಮ್ಜಾ. "ನಂದು ಓ ಅಂದಿದ್ದಕ್ಕೇ ನಮ್ಮತ್ತೆ ನನ್ನ ಒಪ್ಪಿದ್ದು. ಆಮೇಲೆ ಅನುಭವಿಸಿದ್ರು ಬಿಡು."

"ಈಗ ಹುಡುಗಿಯರು ಗಂಡಿನ ಹೆಸರಿಗಿಂತ ಮುಂಚೆ ಇದನ್ನೇ ಕೇಳೋದು, ಚಿಕ್ಕಮ್ಮ." ಹಾರಿಮ್ ನಕ್ಕಳು. ಆಮೇಲೆ ದನಿ ತಗ್ಗಿಸಿದಳು. "ಇನ್ನೊಂದು ಮಾತು. ಚೂಸೊಕ್ ಹಬ್ಬದೊಳಗೆ ಒಳಗಿನ ಮಂಚದ ಕೊಕ್ಕೆ ಅರ್ಧನಾದ್ರೂ ತುಂಬದಿದ್ರೆ, ಅದನ್ನ ತೆಗೆದು ಅಲ್ಲಿ ಮಸಾಜ್ ಕುರ್ಚಿ ಹಾಕಿಸ್ಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ."

ಚುನೋಕ್ ತಲೆಯಾಡಿಸಿದಳು. ಬೇಜಾರಿಗಿಂತ ಭಯವಾಗಿತ್ತು ಅವಳಿಗೆ. ಈ ವಯಸ್ಸಿನಲ್ಲಿ ಇನ್ನೊಂದು ಮಂಚ ಎಲ್ಲಿ ಸಿಕ್ಕೀತು?

ಫೋನಿನಲ್ಲಿ ಮೊದಲ ಪ್ರಶ್ನೆ: ಹೊಸಬರ ನಡುವೆ ನೀವೇ ಮೊದಲು ಮಾತು ಶುರುಮಾಡುತ್ತೀರಾ? ಚುನೋಕ್‌ಳ ಬೆರಳು 'ಇಲ್ಲ' ಎಂಬಲ್ಲಿಗೆ ಹೋಗಿ ನಿಂತಿತು. ಗುಮ್ಜಾ ಆಗಿದ್ದರೆ ಏನು ಒತ್ತುತ್ತಿದ್ದಳು ಎಂದು ಯೋಚಿಸಿ 'ಹೌದು' ಒತ್ತಿದಳು. ಎರಡನೆಯದಕ್ಕೂ ಹಾಗೆಯೇ. ಕೊನೆಯವರೆಗೂ ಹಾಗೆಯೇ.

ಫಲಿತಾಂಶ ನೋಡಿ ಹಾರಿಮ್ ಹುಬ್ಬೇರಿಸಿದಳು. "ಅಯ್ಯೋ, ಇಬ್ರದೂ ಒಂದೇ! ಇ-ಎಸ್-ಎಫ್-ಜೆ. ಜನರ ಜೊತೆ ಬೆರೆಯೋರು, ಮಾತುಗಾರರು. ಚುನೋಕ್ ಚಿಕ್ಕಮ್ಮ, ನೀವಾ?"

"ಒಳಗೊಳಗೇ ಮಾತಾಡ್ತಾಳೆ ಅನ್ಸುತ್ತೆ," ಅಂದಳು ಗುಮ್ಜಾ.

ಬೋರ್ಡ್ ಬಂತು. ಹೊಸ ಗಿರಾಕಿಗಳೂ ಮೂರು ನಾಲ್ಕು ಜನ ಬಂದರು. ಚುನೋಕ್ ಮಾತಿಗೆ ಬೇಕಾದ ವಿಷಯಗಳನ್ನು ಒಂದು ಚೀಟಿಯಲ್ಲಿ ಬರೆದು, ಸೋಪಿನ ಡಬ್ಬಿಯ ಹಿಂದೆ ಇಟ್ಟುಕೊಂಡಳು: ಹವೆ, ಧಾರಾವಾಹಿ, ಎಲೆಕೋಸಿನ ಬೆಲೆ, ಮಕ್ಕಳು. ಎರಡನೇ ದಿನವೇ ಅಕ್ಷರಗಳೆಲ್ಲ ಆವಿಗೆ ಕಲಸಿಹೋದವು. ಒಬ್ಬ ಅಜ್ಜಿ ಎದ್ದು ಕೂತು ಹೇಳಿದರು: "ಅಲ್ಲ ತಾಯಿ, ಎಷ್ಟು ಮಕ್ಕಳು ಅಂತ ಮೂರು ಸಲ ಕೇಳಿದೀಯ. ಕೇಳ್ತಾ ಕೇಳ್ತಾ ಹೆಚ್ಚಾಗಲ್ಲ. ಎಡಗಾಲು ಹಾಗೇ ಬಿಟ್ಟಿದೀಯ, ಅದನ್ನ ನೋಡು."

ಬಾಯಿ ಒಂದು ಕಡೆ, ಕೈ ಒಂದು ಕಡೆ. ಅವಳ ಕೆಲಸ ಕೆಡುತ್ತಿರುವುದು ಅವಳಿಗೇ ಕಾಣುತ್ತಿತ್ತು.

ಶನಿವಾರ ಉನ್‌ಸಿಲ್ ಬಂದಳು. ಮೂರು ವರ್ಷದಿಂದ ಒಂದು ವಾರವೂ ತಪ್ಪಿಸದ ಗಿರಾಕಿ. ಫೋನಿನಲ್ಲಿ ಜನರ ದೂರು ಕೇಳುವ ಕೆಲಸ ಅವಳದು. ಎಂದಿನಂತೆ ಬೀಗದ ಕೈಯನ್ನು ಒಳಗಿನ ಮಂಚದ ಕೊಕ್ಕೆಗೆ ಹಾಕಿದವಳು ತಲೆಯೆತ್ತಿ ಬೋರ್ಡ್ ಓದಿದಳು. ಆ ಹೊತ್ತಿಗೆ ಚುನೋಕ್ ಒಬ್ಬಳ ಬೆನ್ನುಜ್ಜುತ್ತ ಗಟ್ಟಿಯಾಗಿ ಎಲೆಕೋಸಿನ ಮಾತಾಡುತ್ತಿದ್ದಳು. ಉನ್‌ಸಿಲ್ ಬೀಗದ ಕೈಯನ್ನು ಮತ್ತೆ ತೆಗೆದು ಮಣಿಕಟ್ಟಿಗೆ ಹಾಕಿಕೊಂಡಳು.

"ಯಾಕಮ್ಮ?" ಚುನೋಕ್ ಕೈ ನಿಲ್ಲಿಸಿ ಕೇಳಿದಳು.

"ಏನಿಲ್ಲ ಅಕ್ಕ. ವಾರವೆಲ್ಲ ಕಿವಿಗೆ ಬರೀ ಮಾತೇ. ಇಲ್ಲೊಂದೇ ಕಡೆ..." ಅವಳು ತಲೆಬಾಗಿ ಹೊರಟುಹೋದಳು. ಮುಂದಿನ ಶನಿವಾರ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ.

ಹಬ್ಬಕ್ಕೆ ನಾಲ್ಕು ದಿನವಿತ್ತು. ಚುನೋಕ್ ಗವಸು ಕಳಚಿ ಹಾರಿಮ್‌ಳ ಮುಂದೆ ನಿಂತಳು. ಇದನ್ನು ಹೇಳಿದರೆ ಮಂಚ ಇವತ್ತೇ ಹೋಗಬಹುದು ಎಂದು ಅವಳಿಗೆ ಗೊತ್ತಿತ್ತು.

"ಆ ಅಕ್ಷರ ನಂದಲ್ಲಮ್ಮ. ಗುಮ್ಜಾಳನ್ನ ನೆನೆಸ್ಕೊಂಡು ಒತ್ತಿದ್ದು."

ಹಾರಿಮ್ "ಕಾಪಿ ಹೊಡೆದ್ರಾ! ಈ ಪರೀಕ್ಷೇಲೂ?" ಎಂದು ಹೊಟ್ಟೆ ಹಿಡಿದು ನಕ್ಕಳು. "ಕೂತ್ಕೊಳ್ಳಿ. ನಾನೇ ಓದ್ತೀನಿ. ಈ ಸಲ ನಿಮ್ಮ ಉತ್ತರ."

ಒಂದೊಂದಕ್ಕೂ ಚುನೋಕ್ ಹೊತ್ತು ತೆಗೆದುಕೊಂಡಳು.

"ಎದುರಿಗೆ ಇರೋರು ಅತ್ರೆ ನಿಮಗೂ ಅಳು ಬರುತ್ತಾ?"

"ಮಂಚದ ಮೇಲೆ ಅಳೋರು ಇರ್ತಾರೆ. ನಂಗೆ ಅಳು ಬರಲ್ಲ. ಬೆನ್ನಿಗೆ ಇನ್ನೊಂದು ಬೋಗುಣಿ ಬಿಸಿನೀರು ಹಾಕ್ತೀನಿ."

"ಅದಕ್ಕೆ ಇಲ್ಲಿ ಗುಂಡಿ ಇಲ್ವಲ್ಲ, ಚಿಕ್ಕಮ್ಮ," ಎಂದ ಹಾರಿಮ್ 'ಇಲ್ಲ' ಒತ್ತಿದಳು.

ಐ-ಎಸ್-ಟಿ-ಪಿ ಬಂತು. ಮಾತು ಕಮ್ಮಿ, ಕೈಕೆಲಸದಲ್ಲಿ ಗಟ್ಟಿ. ಗುಮ್ಜಾ ಬಗ್ಗಿ ನೋಡಿ, "ಇದನ್ನ ಹೇಳೋಕೆ ಫೋನ್ ಬೇಕಿತ್ತಾ? ನನ್ನ ಕೇಳಿದ್ರೆ ಸಾಕಿತ್ತು," ಅಂದಳು. ಹಾರಿಮ್ ಹೊಸ ಬೋರ್ಡಿನಲ್ಲಿ ಆ ನಾಲ್ಕು ಅಕ್ಷರದ ಕೆಳಗೆ ತನ್ನದೇ ಒಂದು ಸಾಲು ಸೇರಿಸಿದಳು: 'ಇಲ್ಲಿ ಯಾರೂ ನಿಮ್ಮನ್ನು ಮಾತಾಡಿಸುವುದಿಲ್ಲ.'

ಮಾರನೆಯ ದಿನ ಪರೀಕ್ಷೆಗೆ ಓದುತ್ತಿದ್ದ ಹುಡುಗಿಯೊಬ್ಬಳು ಬೀಗದ ಕೈ ನೇತುಹಾಕಿದಳು. ಹಿಂದೆಯೇ ಎಳೆಮಗುವಿನ ತಾಯಿ. ಗುಮ್ಜಾಳ ಹಳೆಯ ಗಿರಾಕಿಯೊಬ್ಬಳೂ ಅತ್ತಿತ್ತ ನೋಡಿ, ಕಳ್ಳತನ ಮಾಡುವವಳ ಹಾಗೆ ಈ ಕಡೆ ಬಂದಳು.

"ನೋಡಿದೆ, ನೋಡಿದೆ!" ಗುಮ್ಜಾ ಕೂಗಿದಳು. "ಹೋಗು, ನಿದ್ದೆ ಮಾಡು. ನಂಗೂ ಗಂಟಲು ನೋಯ್ತಿದೆ."

ಹಬ್ಬದ ಹಿಂದಿನ ದಿನ ಸ್ನಾನದ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಆವಿಯ ನಡುವೆ ಉನ್‌ಸಿಲ್ ತಾನೇ ಬೆನ್ನುಜ್ಜಿಕೊಳ್ಳಲು ಹೆಣಗುತ್ತಿದ್ದಳು; ಕೈ ಎಟುಕುತ್ತಿರಲಿಲ್ಲ. ಚುನೋಕ್ ಕರೆಯಲಿಲ್ಲ. ಮಂಚದ ಮೇಲೆ ಒಂದು ಬೋಗುಣಿ ನೀರು ಸುರಿದು ತೊಳೆದು, ಪಕ್ಕಕ್ಕೆ ಸರಿದು ನಿಂತಳು. ಆಗ ಉನ್‌ಸಿಲ್‌ಗೆ ಮಂಚದ ಮೇಲಿನ ಹೊಸ ಬೋರ್ಡ್ ಕಂಡಿತು. ಎರಡು ಸಲ ಓದಿದಳು. ಎದ್ದು ಬಂದು ಮಣಿಕಟ್ಟಿನ ಬೀಗದ ಕೈಯನ್ನು ಐದನೇ ಕೊಕ್ಕೆಗೆ ಹಾಕಿದಳು.

ಬಾಗಿಲಲ್ಲಿ ಹಾರಿಮ್ ಬೆರಳಿನಿಂದ ಕೊಕ್ಕೆಗಳನ್ನು ಎಣಿಸುತ್ತಿದ್ದಳು. "ಚಿಕ್ಕಮ್ಮ, ಅರ್ಧ ದಾಟ್ತು. ಕುರ್ಚಿಯೋರಿಗೆ ಫೋನ್ ಮಾಡ್ತೀನಿ. ಹೊರಗಿನ ಕೋಣೇಲೇ ಹಾಕಲಿ."

ಚುನೋಕ್ ತಲೆಯಾಡಿಸಿದಳು. ಉನ್‌ಸಿಲ್‌ಳ ಸರದಿ ಬಂದಾಗ ಒಂದು ಮಾತೂ ಆಡದೆ ಬೆನ್ನು, ತೋಳು, ಎಡಗಾಲು ಎಲ್ಲವನ್ನೂ ಉಜ್ಜಿದಳು. ಮಗ್ಗುಲಾಗುವ ಹೊತ್ತಿಗೆ ಭುಜದ ಮೇಲೆ ಎರಡು ಸಲ ತಟ್ಟಿದಳು. ಉನ್‌ಸಿಲ್ ಅಲುಗಲಿಲ್ಲ, ನಿದ್ದೆ ಹೋಗಿದ್ದಳು. ಚುನೋಕ್ ಇನ್ನೊಂದು ಬೋಗುಣಿ ಬಿಸಿನೀರನ್ನು ಅವಳ ಬೆನ್ನಿಗೆ ನಿಧಾನವಾಗಿ ಸುರಿದು ಕಾದಳು.