ಶಾಫ್ಟಿನ ಮೇಲೆ ನಿಲ್ಲದ ಬಿಲ್ಲೆ

ನನ್ನಿಂದ ಇಂಜಿನಿಯರಿಂಗ್ ಆಗುವುದಿಲ್ಲ ಎಂದವರು ಸಿಂದಗಿಯ ನನ್ನ ಸೋದರಮಾವ. ಕಾಳುಕಡಿಯ ದಲಾಲಿ ಮಾಡುವ ಅಡತಿ ಅಂಗಡಿಯ ಮಾಲೀಕರಾದ ಅವರ ಮಾತಿಗೆ ನಮ್ಮ ಮನೆಯಲ್ಲಿ ತೂಕವಿತ್ತು. "ಕುರಿ ಹಿಂದ ತಿರುಗಿದವರ ಮನ್ಯಾಗ ಇಂಜಿನಿಯರ್ ಹುಟ್ಟತಾನೇನಲೇ? ಸುಮ್ಮ ಬಂದು ನನ್ನ ಅಂಗಡ್ಯಾಗ ಚೀಲಾ ಹೊಲಿ," ಎಂದು ಪ್ರತಿ ರಜೆಯಲ್ಲೂ ನಗುತ್ತಿದ್ದರು. ಎಪ್ಪತ್ತರ ದಶಕದಲ್ಲಿ, ನಾನು ಇಂಜಿನಿಯರಿಂಗ್ ಕಾಲೇಜಿನ ಕೊನೆಯ ವರ್ಷಕ್ಕೆ ಬರುವಷ್ಟರಲ್ಲಿ ಅಪ್ಪನೂ ಅವರ ಕಡೆ ವಾಲಿದ್ದ. ಈ ಸಲ ನಪಾಸಾದರೆ ಓದು ಬಂದ್, ಅಂಗಡಿಗೆ ಹೋಗಬೇಕು ಎಂದು ತೀರ್ಮಾನವಾಗಿತ್ತು.

ಪಾಸಾಗುವುದು ನಾನೇ ಮಾಡಿದ ಅಂಗೈಯಗಲದ ಹಬೆ ಎಂಜಿನ್ನಿನ ಮೇಲೆ ನಿಂತಿತ್ತು. ಹೊರಗಿನಿಂದ ಬರುವ ಪರೀಕ್ಷಕರ ಮುಂದೆ ಅದು ಓಡಬೇಕು. ಅದು ನಾಲ್ಕು ಸುತ್ತು ತಿರುಗಿ ಕೆಮ್ಮಿ ನಿಲ್ಲುತ್ತಿತ್ತು.

ತಪ್ಪಿದ್ದದ್ದು ಎಕ್ಸೆಂಟ್ರಿಕ್ಕಿನಲ್ಲಿ. ಶಾಫ್ಟಿನ ಮೇಲೆ ನಡು ತಪ್ಪಿಸಿ ಕೂರಿಸಿದ ಉಕ್ಕಿನ ಬಿಲ್ಲೆ ಅದು. ಶಾಫ್ಟು ತಿರುಗಿದಂತೆ ಕವಾಟವನ್ನು ಹಿಂದೆಮುಂದೆ ಎಳೆದು, ಹಬೆಯನ್ನು ಹೊತ್ತಿಗೆ ಸರಿಯಾಗಿ ಒಳಗೆ ಬಿಡುತ್ತದೆ. ಹೊತ್ತು ಹೊಂದಿಸಲು ಬಿಲ್ಲೆಯನ್ನು ಕೂದಲೆಳೆಯಷ್ಟು ಸರಿಸಿ, ಅದರ ತೂತಿನೊಳಗಿಂದ ಶಾಫ್ಟಿಗೆ ಒತ್ತುವ ಸ್ಕ್ರೂ ಬಿಗಿಯಬೇಕು. ನಾನು ಬಿಗಿಯುತ್ತಿದ್ದೆ, ಅದು ಜಾರುತ್ತಿತ್ತು. ಕುರಿಹಟ್ಟಿಗೆ ಬಲೆ ಕಟ್ಟಿ ಬೆಳೆದ ಕೈ ನನ್ನದು. ಸಡಿಲಾದರೆ ಇನ್ನಷ್ಟು ಜಗ್ಗುವುದೊಂದೇ ಗೊತ್ತು. ಸ್ಕ್ರೂವನ್ನೂ ಹಾಗೇ ಜಗ್ಗಿದೆ.

ಕಾಲೇಜಿನ ವರ್ಕ್‌ಶಾಪಿನ ಮಾಸ್ತರರು ಇಂಡಿ ಊರಿನವರು. ಮನೆಯಲ್ಲಿ ಮರಾಠಿ, ನಮ್ಮೊಡನೆ ಅಪ್ಪಟ ಇಂಡಿ ಕನ್ನಡ. ಅಂಥ ಗುರುವನ್ನು ನಾನು ಮತ್ತೆ ಕಾಣಲಿಲ್ಲ. ವಿದ್ಯಾರ್ಥಿಯ ಯಂತ್ರವನ್ನು ಅವರು ಬೆರಳಿಂದಲೂ ಮುಟ್ಟುತ್ತಿರಲಿಲ್ಲ. "ನಾ ಮುಟ್ಟಿದ್ರ ಅದು ನನ್ನ ಎಂಜಿನ್ ಆಗತೈತಿ. ನನಗ ಡಿಗ್ರಿ ಐತಿ, ಇನ್ನೊಂದು ಬ್ಯಾಡ," ಎನ್ನುತ್ತಿದ್ದರು.

ಪರೀಕ್ಷೆಯ ಹಿಂದಿನ ದಿನ ಸೋತು ಕೇಳಿದೆ: "ಸರ್, ಬೆಸಿಗಿ ಹಾಕಿಬಿಡ್ಲೇನ್ರಿ?"

"ಹಾಕು. ಮುಂದ ಹೊಂದಸಬೇಕಾದ್ರ ಶಾಫ್ಟು ಕೊಯ್ದು ಹೊಂದಸ್ತೀ ಏನು?"

"ಇನ್ನ ಎಷ್ಟರ ಬಿಗೀಲ್ರಿ?"

"ಬಿಗಿಯೂದು ಬಿಡು. ಬಿಲ್ಲಿ ತಗದು ಶಾಫ್ಟಿನ ಮ್ಯಾಲ ಬೆರಳ ಆಡಸು."

ಆಡಿಸಿದೆ. ಗುಂಡಿಗಳು! ಪ್ರತಿ ಸಲ ಸ್ಕ್ರೂವಿನ ಮೊನೆ ಶಾಫ್ಟನ್ನು ಕೊರೆದಿತ್ತು. ಬಿಲ್ಲೆಯನ್ನು ಎಷ್ಟೇ ಸರಿಸಿದರೂ ಮೊನೆ ಹಳೆಯ ಗುಂಡಿಗೇ ಜಾರುತ್ತಿತ್ತು. ನಾನು ಬಿಗಿದಷ್ಟೂ ಗುಂಡಿ ಆಳವಾಗಿತ್ತು.

"ಈಗ ಏನ್ ಮಾಡ್ತಿ?"

"ಬಿಲ್ಲ್ಯಾಗ ಕಾಲು ಸುತ್ತು ಆಚೆ ಇನ್ನೊಂದು ತೂತು ಕೊರೀತೇನಿ ಸರ್. ಸ್ಕ್ರೂ ನುಣ್ಣನ ಜಾಗಾಕ್ಕ ಬರತೈತಿ."

"ಅಲ್ಲೂ ಗುಂಡಿ ಬಿದ್ರ?"

ಬಹಳ ಹೊತ್ತು ಯೋಚಿಸಿದೆ. ಅವರು ಪಕ್ಕದಲ್ಲೇ ಸ್ಟೂಲೆಳೆದು ಕೂತರು. ಕೊನೆಗೆ ಹೊಳೆಯಿತು: ನಡುವೆ ಮೆತ್ತನೆಯದೇನಾದರೂ ಇರಬೇಕು. ಹೊಸ ತೂತು ಕೊರೆದು, ಹಿತ್ತಾಳೆಯ ಚೂರೊಂದನ್ನು ಅರದಿಂದ ಉಜ್ಜಿ ಅದರೊಳಗೆ ಇಳಿಸಿ, ಅದರ ಮೇಲೆ ಸ್ಕ್ರೂ ಬಿಗಿದೆ. ಹಿತ್ತಾಳೆ ಶಾಫ್ಟನ್ನು ಕೊರೆಯದೆ ಅಪ್ಪಿ ಹಿಡಿಯಿತು. ಆಮೇಲೆ ಒಂದಿಷ್ಟು ಸಡಿಲಿಸಿ, ಸರಿಸಿ, ಮತ್ತೆ ಬಿಗಿದೆ. ಇಟ್ಟಲ್ಲೇ ನಿಂತಿತು.

ಮರುದಿನ ಪರೀಕ್ಷಕರು ಸಾಕು ಸಾಕು ಎನ್ನುವವರೆಗೆ ಎಂಜಿನ್ ಓಡಿತು. ಮೂಲೆಯಲ್ಲಿದ್ದ ಮಾಸ್ತರರ ಮುಖ ನನ್ನದಕ್ಕಿಂತ ಹೆಚ್ಚು ಅರಳಿತ್ತು.

ಪದವಿಯ ಪ್ರಮಾಣಪತ್ರ ಹಿಡಿದು ಬಾಗೇವಾಡಿಯಲ್ಲಿ ಬಸ್ಸಿಳಿದು ಊರಿಗೆ ನಡೆದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಎರಡೂ ಕೈ ಚಾಚಿದಳು. ಕೊಟ್ಟೆ.

"ನಿನ್ನ ಹೆಸರು ಎಲ್ಲೈತಿ?" ತೋರಿಸಿದೆ.

"ನಿಮ್ಮಪ್ಪಂದು?" ಅದನ್ನೂ ತೋರಿಸಿದೆ.

"ನಂದು?"

"ಇಲ್ಲಬೇ."

"ಇರಲಿ ಬಿಡು," ಎಂದಳು. "ಹಡದಾಕಿ ಯಾರಂತ ಊರಿಗೆಲ್ಲಾ ಗೊತ್ತೈತಿ."